ರಿಪೋರ್ಟಿನಲ್ಲಿ ‘ಪಿಡಿ-ಎಲ್1 ಪಾಸಿಟಿವ್, ಸಿಪಿಎಸ್ 30’ ಎಂದಿದೆ. ಅಪ್ಪನಿಗೆ ಬೇಳೆ, ಮೊಟ್ಟೆ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ, ರಾಣೆಬೆನ್ನೂರು ತಾಲ್ಲೂಕಿನ ರೈತರು. ಇಪ್ಪತ್ತೈದು ವರ್ಷ ಗುಟ್ಕಾ, ಎಲೆ-ಅಡಿಕೆ-ತಂಬಾಕಿನ ಚಟ ಇತ್ತು. ಎರಡು ವರ್ಷದ ಹಿಂದೆ ಎಡಗೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಆಮೇಲೆ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಸಿಸ್‌ಪ್ಲಾಟಿನ್ ಕೀಮೋ. ಒಂದೂವರೆ ವರ್ಷ ಚೆನ್ನಾಗಿದ್ದರು. ಈಗ ಕುತ್ತಿಗೆಯಲ್ಲಿ ಗಂಟು ಬಂದಿದೆ, ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲೂ ಎರಡು ಸಣ್ಣ ಗಂಟು ಕಂಡಿವೆ. ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ, ತೂಕ 50 ಕೆ.ಜಿ.ಗೆ ಇಳಿದಿದೆ. ಬಯಾಪ್ಸಿಯಲ್ಲಿ ‘ಪಿಡಿ-ಎಲ್1 ಪಾಸಿಟಿವ್, ಸಿಪಿಎಸ್ 30’ ಎಂದು ಬಂತು. ರಿಪೋರ್ಟ್ ಕೊಟ್ಟವರು ‘ಇದು ಕ್ಯಾನ್ಸರ್ ಹರಡಿಸುವ ಪ್ರೋಟೀನ್, ನಿಮ್ಮವರಿಗೆ ಜಾಸ್ತಿ ಇದೆ’ ಅಂದರು. ಅವತ್ತಿನಿಂದ ಸೋದರಮಾವ ಬೇಳೆ, ಮೊಟ್ಟೆ, ಹಾಲು ಎಲ್ಲ ಬಂದ್ ಮಾಡಿಸಿದ್ದಾರೆ. ಅತ್ತೆ ಇಮ್ಯುನಿಟಿ ಹೆಚ್ಚಲಿ ಎಂದು ದಿನಾ ಅಮೃತಬಳ್ಳಿ ಕಷಾಯ ಕುಡಿಸುತ್ತಾರೆ. ಡಾಕ್ಟರು ಎರಡು ದಾರಿ ಹೇಳಿದ್ದಾರೆ. ಒಂದು ಪೂರ್ತಿ ಡೋಸಿನ ಇಮ್ಯುನೋಥೆರಪಿ, ಅದಕ್ಕೆ ಜಮೀನು ಮಾರಬೇಕು. ಇನ್ನೊಂದು ಮಾತ್ರೆಗಳ ಜೊತೆ ಕಡಿಮೆ ಡೋಸಿನ ಇಂಜೆಕ್ಷನ್. ಕಡಿಮೆ ಡೋಸ್ ಅಂದರೆ ಬಡವರನ್ನು ಸಾಗಹಾಕುವ ಔಷಧವೇ? 30 ಅಂದರೆ ಇನ್ನೆಷ್ಟು ದಿನ? ಈ ಪ್ರೋಟೀನ್ ನಮಗೂ ಬರುತ್ತದೆಯೇ?

ಉತ್ತರ: ಮೊದಲು ಮೊಟ್ಟೆಯ ವಿಷಯ ಮುಗಿಸೋಣ, ಏಕೆಂದರೆ ಅದು ನಾಳೆಗೆ ಕಾಯುವಂಥದ್ದಲ್ಲ. ರಿಪೋರ್ಟಿನಲ್ಲಿರುವ ಪ್ರೋಟೀನಿಗೂ ತಟ್ಟೆಯಲ್ಲಿರುವ ಪ್ರೋಟೀನಿಗೂ ಹೆಸರು ಬಿಟ್ಟರೆ ಯಾವ ನಂಟೂ ಇಲ್ಲ. ಪಿಡಿ-ಎಲ್1 ಜೀವಕೋಶವೇ ತನ್ನೊಳಗೆ ತಯಾರಿಸಿ ಮೈಮೇಲೆ ಚುಚ್ಚಿಕೊಳ್ಳುವ ಒಂದು ಅಣು. ಬೇಳೆ ತಿಂದರೆ ಅದು ಹೆಚ್ಚುವುದಿಲ್ಲ, ಉಪವಾಸ ಬಿದ್ದರೆ ಇಳಿಯುವುದೂ ಇಲ್ಲ. ಇಳಿಯುವುದು ನಿಮ್ಮ ತಂದೆಯ ಸ್ನಾಯು, ತೂಕ, ಮತ್ತು ಮುಂದಿನ ಔಷಧವನ್ನು ತಡೆದುಕೊಳ್ಳುವ ತಾಕತ್ತು. ಕ್ಯಾನ್ಸರ್ ಇರುವವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ.ಯವರಿಗೆ ಅದು 60ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7, ಒಂದು ಹಿಡಿ ಹಸಿ ಬೇಳೆಯಲ್ಲಿ 7 ಗ್ರಾಂ ಸಿಗುತ್ತದೆ. ಲೆಕ್ಕ ಹಾಕಿ ನೋಡಿ, ಎಲ್ಲ ಕೊಟ್ಟರೂ 60 ಮುಟ್ಟುವುದು ಕಷ್ಟ. ಬಾಯಿ ಎರಡು ಬೆರಳಷ್ಟೇ ತೆರೆಯುವವರಿಗೆ ಬರೀ ರಾಗಿ ಗಂಜಿ ಕುಡಿಸುವುದು ನಮ್ಮ ಮನೆಗಳಲ್ಲಿ ರೂಢಿ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಮಾತ್ರ ಸಾಕಷ್ಟು ಸಿಗುವುದಿಲ್ಲ. ಅದೇ ಗಂಜಿಗೆ ಹಾಲಿನ ಪುಡಿ ಕಲಸಿ. ಹೆಸರುಬೇಳೆ ನುಣ್ಣಗೆ ಬೇಯಿಸಿ ಕಟ್ಟು ಬಸಿಯದೆ ಅರೆದು ಕೊಡಿ. ಬೇಯಿಸಿದ ಮೊಟ್ಟೆಯನ್ನು ಸಾರಿನ ಜೊತೆ ಮಿಕ್ಸಿಗೆ ಹಾಕಿ. ಹಸಿ ಮೊಟ್ಟೆ ಬೇಡ. ಇಷ್ಟರ ಮೇಲೂ ತೂಕ ಇಳಿಯುತ್ತಲೇ ಹೋದರೆ ಮೂಗಿನ ನಳಿಗೆಯ ಮಾತು ಬರುತ್ತದೆ, ಹೆದರಬೇಡಿ. ಚಿಕಿತ್ಸೆ ಶುರುವಾಗುವ ಮುನ್ನವೇ ಅದನ್ನು ಹಾಕಿಸಿಕೊಂಡವರು ಸುಸ್ತಾದ ಮೇಲೆ ಹಾಕಿಸಿಕೊಂಡವರಿಗಿಂತ ಚೆನ್ನಾಗಿ ನಿಭಾಯಿಸುತ್ತಾರೆ.

ಇನ್ನು ‘ಹರಡಿಸುವ ಪ್ರೋಟೀನ್’ ಎಂಬ ಮಾತು. ಅದು ಪೂರ್ತಿ ಸುಳ್ಳಲ್ಲ, ಆದರೆ ನಿಮಗೆ ಅದನ್ನು ಹೇಳಿದ ರೀತಿ ತಪ್ಪು.

ನಮ್ಮ ರಕ್ತದಲ್ಲಿ ಟಿ ಕೋಶಗಳೆಂಬ ಬಿಳಿ ಕಣಗಳಿವೆ. ಅವನ್ನು ಮನೆ ಕಾಯುವ ನಾಯಿ ಎಂದುಕೊಳ್ಳಿ. ಹೊರಗಿನವರನ್ನು, ಕೆಟ್ಟ ಕೋಶಗಳನ್ನು ಕಂಡರೆ ಮೇಲೆರಗುವುದು ಅದರ ಕೆಲಸ. ಅದು ಮನೆಯವರನ್ನೇ ಕಚ್ಚಬಾರದಲ್ಲ, ಅದಕ್ಕಾಗಿ ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಒಂದು ಗುಂಡಿ ಇದೆ. ಮೈಯ ಇತರ ಕೋಶಗಳು ಪಿಡಿ-ಎಲ್1 ಎಂಬ ಕೈಯಿಂದ ಆ ಗುಂಡಿಯನ್ನು ಒತ್ತಿದರೆ ನಾಯಿ ತಣ್ಣಗಾಗುತ್ತದೆ. ಇದೇ ಚೆಕ್‌ಪಾಯಿಂಟ್, ಅಂದರೆ ಪ್ರತಿರಕ್ಷೆಯ ಬ್ರೇಕು. ಈ ಬ್ರೇಕುಗಳಿಲ್ಲದೆ ಬದುಕೇ ಇಲ್ಲ. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಹುಟ್ಟಿನಿಂದಲೇ ತೆಗೆದ ಇಲಿಗಳು ಮೂರು-ನಾಲ್ಕು ವಾರದಲ್ಲೇ ಸತ್ತವು, ಅವುಗಳ ಟಿ ಕೋಶಗಳು ಅವುಗಳ ಅಂಗಾಂಗವನ್ನೇ ಮುತ್ತಿದ್ದವು. ಅದು 1995ರ ಪ್ರಯೋಗ. ಪಿಡಿ-1 ಅನ್ನು 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ ಗುರುತಿಸಿತು. ಸಿಟಿಎಲ್‌ಎ-4 ಬ್ರೇಕನ್ನು ತಡೆದರೆ ಇಲಿಗಳ ಗಡ್ಡೆ ಕರಗುತ್ತದೆ ಎಂದು ಅಮೆರಿಕದ ಜೇಮ್ಸ್ ಆಲಿಸನ್ ತಂಡ 1996ರಲ್ಲಿ ತೋರಿಸಿತು. 2018ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಕ್ಯಾನ್ಸರ್ ಕೋಶ ಕಲಿತಿರುವುದು ಈ ಕೈ ಆಡಿಸುವ ವಿದ್ಯೆಯನ್ನು. ಕಳ್ಳನೇ ನಾಯಿಯ ತಲೆ ಸವರಿದಂತೆ. ಈ ವಿದ್ಯೆ ಅದಕ್ಕೆ ಎರಡು ದಾರಿಯಲ್ಲಿ ಬರುತ್ತದೆ, ನಿಮ್ಮ ತಂದೆಯ ರಿಪೋರ್ಟ್ ಅರ್ಥವಾಗಬೇಕಾದರೆ ಈ ಎರಡನ್ನೂ ತಿಳಿದುಕೊಳ್ಳಬೇಕು.

ಒಂದು, ಗಡ್ಡೆಯ ಹುಟ್ಟುಗುಣ. ಕ್ಯಾನ್ಸರ್ ಕೋಶದ ವಂಶವಾಹಿಯಲ್ಲೇ ಎಡವಟ್ಟಾಗಿ ಪಿಡಿ-ಎಲ್1 ಹೇರಳವಾಗಿ ಉತ್ಪತ್ತಿಯಾಗುತ್ತದೆ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ 9ನೇ ವರ್ಣತಂತುವಿನ ಆ ತುಣುಕೇ ನಕಲಾಗಿ ಹೆಚ್ಚಿರುತ್ತದೆ. ಇನ್ನೊಂದು, ಸಂದರ್ಭದ ಜಾಣತನ. ಟಿ ಕೋಶಗಳು ಗಡ್ಡೆಯೊಳಗೆ ನುಗ್ಗಿ ಇಂಟರ್‌ಫೆರಾನ್-ಗಾಮಾ ಎಂಬ ರಸಾಯನ ಸುರಿಸುತ್ತವೆ, ಅದರ ಘಾಟು ತಗುಲಿದ ಕ್ಯಾನ್ಸರ್ ಕೋಶ ಪಿಡಿ-ಎಲ್1 ಎತ್ತಿ ಹಿಡಿಯುತ್ತದೆ. ಅಂದರೆ ನಾಯಿ ಅಂಗಳಕ್ಕೆ ಬಂದದ್ದರಿಂದಲೇ ಕಳ್ಳ ಕೈ ಚಾಚಿದ್ದು. ನಾಯಿಯೇ ಇಲ್ಲದ ಮನೆಯಲ್ಲಿ ಅವನಿಗೆ ಆ ಕಷ್ಟವೇ ಇಲ್ಲ. ಟಿ ಕೋಶಗಳು ಹತ್ತಿರವೂ ಸುಳಿಯದ ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟೋ ಸಲ ಸೊನ್ನೆ ಇರುತ್ತದೆ, ಮತ್ತು ಅದು ಖುಷಿಪಡುವ ಸೊನ್ನೆಯಲ್ಲ.

ಹಾಗಾಗಿ ಒಂದೇ ಪ್ರೋಟೀನ್ ಬೇರೆ ಬೇರೆ ಕ್ಯಾನ್ಸರಿನಲ್ಲಿ ಬೇರೆ ಬೇರೆ ಭವಿಷ್ಯ ಹೇಳುತ್ತದೆ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಗಡ್ಡೆಯ ಪಿಡಿ-ಎಲ್1 ಹೆಚ್ಚಿದ್ದವರಿಗೆ ರೋಗದ ಗತಿ ಕೆಟ್ಟದ್ದೆಂದು 2004ರಷ್ಟು ಹಿಂದೆಯೇ ಕಂಡುಬಂದಿತ್ತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ 2012ರಲ್ಲಿ ಕಂಡದ್ದು ಉಲ್ಟಾ. ಪಿಡಿ-ಎಲ್1 ಇದ್ದಲ್ಲಿ ಲಿಂಫೋಸೈಟ್‌ಗಳೂ (ಟಿ ಕೋಶಗಳು ಸೇರಿರುವ ಬಿಳಿ ಕಣಗಳ ಗುಂಪು) ಕಿಕ್ಕಿರಿದಿದ್ದವು, ಅಂಥವರೇ ಹೆಚ್ಚು ಕಾಲ ಬದುಕಿದ್ದರು. ಬಾಯಿ ಕ್ಯಾನ್ಸರಿನಲ್ಲಿ ಅಧ್ಯಯನಗಳು ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ. ‘30 ಅಂದರೆ ಇನ್ನೆಷ್ಟು ದಿನ’ ಎಂಬ ಪ್ರಶ್ನೆಗೆ ಆ 30ರಲ್ಲಿ ಉತ್ತರ ಇಲ್ಲ. ಅದು ರೋಗದ ಗತಿ ಹೇಳುವ ಅಂಕಿಯಲ್ಲ, ಯಾವ ಔಷಧ ಹಿಡಿಯಬಹುದು ಎಂದು ಹೇಳುವ ಅಂಕಿ. ನಿಮ್ಮ ಮನೆಯ ನೆಮ್ಮದಿ ಕೆಡಿಸಿದ್ದು ಈ ಎರಡರ ನಡುವಿನ ಗೊಂದಲವೇ.

ಹಾಗಾದರೆ ಹರಡುವುದರಲ್ಲಿ ಅದರ ಪಾತ್ರ ಏನೂ ಇಲ್ಲವೇ? ಇದೆ. ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ರಕ್ತದ ಒತ್ತಡಕ್ಕೆ ಒಡೆಯುತ್ತವೆ, ಇಲ್ಲವೇ ಟಿ ಕೋಶಗಳಿಗೆ, ಎನ್‌ಕೆ ಕೋಶ ಎಂಬ ಇನ್ನೊಂದು ಬಗೆಯ ಕಾವಲು ಕಣಗಳಿಗೆ ಆಹಾರವಾಗುತ್ತವೆ. ಪಿಡಿ-ಎಲ್1 ಹೊತ್ತ ಕೋಶಕ್ಕೆ ಈ ಪ್ರಯಾಣದಲ್ಲಿ ಒಂದು ರಕ್ಷಾಕವಚ ಇದ್ದಂತೆ. ಇನ್ನೂ ಒಂದು ಕೊಂಡಿ ಇದೆ. ಅಕ್ಕಪಕ್ಕಕ್ಕೆ ಅಂಟಿಕೊಂಡಿದ್ದ ಕೋಶ ಹಿಡಿತ ಬಿಟ್ಟು ಅಲೆಮಾರಿಯಾಗುವಾಗ ಅದರೊಳಗೆ ಒಂದು ಸ್ವಿಚ್ ಬದಲಾಗುತ್ತದೆ, ಶ್ವಾಸಕೋಶದ ಕ್ಯಾನ್ಸರ್ ಕೋಶಗಳಲ್ಲಿ ಅದೇ ಸ್ವಿಚ್ ಪಿಡಿ-ಎಲ್1 ಅನ್ನೂ ಏರಿಸುವುದು 2014ರಲ್ಲಿ ಕಂಡಿತು. ಕೋಶಗಳು ಪಿಡಿ-ಎಲ್1 ಮೆತ್ತಿದ ಅತಿಸಣ್ಣ ಗುಳ್ಳೆಗಳನ್ನು ರಕ್ತಕ್ಕೆ ತೇಲಿಬಿಡುತ್ತವೆ, ದೂರದಲ್ಲಿರುವ ಟಿ ಕೋಶಗಳನ್ನೂ ಅವು ತಣ್ಣಗಾಗಿಸುತ್ತವೆ ಎಂದು 2018ರಲ್ಲಿ ಮೆಲನೋಮಾದಲ್ಲಿ ಗೊತ್ತಾಯಿತು. ಪಿಡಿ-ಎಲ್1 ಒಂದೇ ಅಲ್ಲ, ಲ್ಯಾಗ್-3, ಟಿಮ್-3, ಟಿಜಿಟ್ ಎಂಬ ಬ್ರೇಕುಗಳೂ ಇವೆ. ಲ್ಯಾಗ್-3 ತಡೆಯುವ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಮೆಲನೋಮಾಗೆ ಒಪ್ಪಿಗೆ ಸಿಕ್ಕಿತು. ಟಿಜಿಟ್ ಮೇಲೆ ಇಟ್ಟ ಆಸೆ ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟಿತು. ನಿಮ್ಮ ತಂದೆಯ ನಿರ್ಧಾರಕ್ಕೆ ಈ ಹೆಸರುಗಳು ಸದ್ಯಕ್ಕೆ ಬೇಕಿಲ್ಲ. ಯಾರಾದರೂ ಅವುಗಳ ‘ಪ್ಯಾನೆಲ್ ಟೆಸ್ಟ್’ ಮಾಡಿಸಿ ಅಂದರೆ ದುಡ್ಡು ಉಳಿಸಿಕೊಳ್ಳಿ.

ಆದರೆ ಕವಚ ತೊಟ್ಟವನೆಲ್ಲ ದಂಡೆತ್ತಿ ಹೋಗುವುದಿಲ್ಲ. ಬಾಯಿ ಕ್ಯಾನ್ಸರ್ ಹರಡುತ್ತದೋ ಇಲ್ಲವೋ ಎಂದು ತಿಳಿಯಲು ನಾವು ನೋಡುವುದು ಮೊದಲ ಆಪರೇಷನ್ನಿನ ರಿಪೋರ್ಟಿನ ಬೇರೆಯೇ ಸಾಲುಗಳನ್ನು. ಗಡ್ಡೆ ಎಷ್ಟು ಆಳ ಇಳಿದಿತ್ತು (5 ಮಿ.ಮೀ. ದಾಟಿದರೆ ಒಂದು ಲೆಕ್ಕ, 10 ದಾಟಿದರೆ ಇನ್ನೊಂದು), ನರದ ಗುಂಟ ಹರಿದಿತ್ತೇ, ಕುತ್ತಿಗೆಯ ಎಷ್ಟು ಲಿಂಫ್ ಗಂಟುಗಳಲ್ಲಿ ಸಿಕ್ಕಿತು, ಆ ಗಂಟಿನ ಹೊದಿಕೆ ಒಡೆದು ಹೊರಗೆ ಬಂದಿತ್ತೇ, ಕತ್ತರಿಸಿದ ಅಂಚು ಶುದ್ಧವಾಗಿತ್ತೇ. ಕುತ್ತಿಗೆ ಎಷ್ಟು ಮುಖ್ಯ ಎಂಬುದಕ್ಕೆ ಮುಂಬೈನ ಟಾಟಾ ಆಸ್ಪತ್ರೆಯ 2015ರ ಅಧ್ಯಯನವೇ ಸಾಕ್ಷಿ. ಆರಂಭಿಕ ಹಂತದ ಬಾಯಿ ಕ್ಯಾನ್ಸರಿನಲ್ಲಿ ಗಂಟು ಕಾಣದಿದ್ದರೂ ಕುತ್ತಿಗೆಯ ಗಂಟುಗಳನ್ನು ಮೊದಲೇ ತೆಗೆದವರಲ್ಲಿ 3 ವರ್ಷ ಬದುಕಿದ್ದವರು ಶೇ. 80. ಗಂಟು ಬಂದ ಮೇಲೆ ತೆಗೆಯೋಣ ಎಂದು ಕಾದವರಲ್ಲಿ ಶೇ. 67.5. ಹಳೇ ಫೈಲು ಅಟ್ಟದ ಮೇಲಿದ್ದರೆ ಇಳಿಸಿ, ಮುಂದಿನ ಭೇಟಿಗೆ ಅದೂ ಬೇಕು.

ಈಗ ಆ 30 ಎಲ್ಲಿಂದ ಬಂತು ನೋಡೋಣ. ಬಯಾಪ್ಸಿಯ ತೆಳು ಪದರಕ್ಕೆ ಪಿಡಿ-ಎಲ್1ಗೆ ಮಾತ್ರ ಅಂಟುವ ಬಣ್ಣ ಹಾಕುತ್ತಾರೆ, ಅದು ಇದ್ದಲ್ಲಿ ಕಂದುಬಣ್ಣ ಹಿಡಿಯುತ್ತದೆ. ಪೆಥಾಲಜಿ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಉದಾಹರಣೆಗೆ ಜೀವಂತ ಕ್ಯಾನ್ಸರ್ ಕೋಶಗಳು 200 ಇವೆ ಎನ್ನಿ. ಅವುಗಳಲ್ಲಿ ಕಂದು ಹಿಡಿದವು 40. ಸುತ್ತಮುತ್ತ ಇರುವ ಲಿಂಫೋಸೈಟ್, ಮ್ಯಾಕ್ರೋಫೇಜ್ ಎಂಬ ಪ್ರತಿರಕ್ಷೆಯ ಕೋಶಗಳಲ್ಲಿ ಕಂದು ಹಿಡಿದವು 20. ಎರಡನ್ನೂ ಕೂಡಿದರೆ 60, ಅದನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿದರೆ 30. ಇದೇ ಸಿಪಿಎಸ್. ಇದು ಶೇಕಡಾವಾರು ಅಲ್ಲ ಎಂಬುದನ್ನು ಗಮನಿಸಿ. ಪ್ರತಿರಕ್ಷೆಯ ಕೋಶಗಳನ್ನು ಮೇಲೆ ಕೂಡುತ್ತಾರೆ, ಕೆಳಗೆ ಭಾಗಿಸುವಾಗ ಸೇರಿಸುವುದಿಲ್ಲ. ‘ಕ್ಯಾನ್ಸರ್ ಶೇ. 30 ಹರಡಿದೆ’ ಎಂದು ಓದಿಕೊಳ್ಳುವವರು ಬಹಳ ಮಂದಿ. ಹಾಗೇನೂ ಇಲ್ಲ. ಶ್ವಾಸಕೋಶದ ಕ್ಯಾನ್ಸರ್‌ನವರ ರಿಪೋರ್ಟಿನಲ್ಲಿ ಟಿಪಿಎಸ್ ಎಂದು ಬರೆದಿರುತ್ತಾರೆ, ಅದರಲ್ಲಿ ಬರೀ ಕ್ಯಾನ್ಸರ್ ಕೋಶಗಳ ಲೆಕ್ಕ. ಇದೇ ಗಾಜಿನ ಪಟ್ಟಿಯ ಟಿಪಿಎಸ್ ಶೇ. 20 ಆಗುತ್ತಿತ್ತು. ಪಕ್ಕದ ಬೆಡ್ಡಿನವರ ಅಂಕಿಗೆ ನಿಮ್ಮದನ್ನು ಹೋಲಿಸಬೇಡಿ.

ಎಣಿಕೆಯಲ್ಲಿ ಎಡವುವ ಜಾಗಗಳು ಕೆಲವಿವೆ. ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶ ಇರಬೇಕು, ಚೂರು ತೀರಾ ಸಣ್ಣದಾದರೆ ಅಂಕಿ ನಂಬಲಾಗದು. ನಿಮ್ಮ ತಂದೆಯ ಮಾದರಿ ಕುತ್ತಿಗೆಯ ಗಂಟಿನದಾದರೆ ಇನ್ನೊಂದು ತೊಡಕು. ಲಿಂಫ್ ಗಂಟು ಅಂದರೆ ಹುಟ್ಟಿನಿಂದಲೇ ಲಿಂಫೋಸೈಟ್‌ಗಳ ಊರು. ಕ್ಯಾನ್ಸರಿಗೆ ತಾಗಿಕೊಂಡು ಒಂದೇ ನೋಟದಲ್ಲಿ ಕಾಣುವವನ್ನು ಮಾತ್ರ ಎಣಿಸಬೇಕು, ಊರಿನವರನ್ನೆಲ್ಲ ಎಣಿಸಿದರೆ ಅಂಕಿ ಸುಳ್ಳೇ ಉಬ್ಬುತ್ತದೆ. ಅದಕ್ಕೇ ಬರೀ ಸೂಜಿಯಲ್ಲಿ ಎಳೆದ ಎಫ್‌ಎನ್‌ಎಸಿ ಮಾದರಿಯ ಮೇಲೆ ಸಿಪಿಎಸ್ ಹೇಳುವುದು ಸರಿಯಲ್ಲ, ದಪ್ಪ ಸೂಜಿಯ ಕೋರ್ ಬಯಾಪ್ಸಿ ಬೇಕು. ಚೂರನ್ನು ಕೂಡಲೇ ಫಾರ್ಮಲಿನ್‌ಗೆ ಹಾಕಿರಬೇಕು. ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಮೂರು ವರ್ಷಕ್ಕಿಂತ ಹಳೆಯದಾದರೆ ಬಣ್ಣ ಮಂಕಾಗಬಹುದು. ಇಷ್ಟೆಲ್ಲ ಸರಿ ಇದ್ದರೂ ಒಂದೇ ಪಟ್ಟಿಗೆ ಒಬ್ಬರು 18, ಇನ್ನೊಬ್ಬರು 22 ಬರೆಯುವುದು ಉಂಟು. ನಿಮ್ಮದು 30, ಗಡಿಯಿಂದ ತುಸು ದೂರದಲ್ಲಿದೆ. ಕೋರ್ ಬಯಾಪ್ಸಿಯಿಂದ ಬಂದದ್ದಾದರೆ ಮತ್ತೆ ಟೆಸ್ಟ್ ಮಾಡಿಸುವ ಅಗತ್ಯ ಕಾಣುವುದಿಲ್ಲ.

ಗಡಿ ಅಂದೆನಲ್ಲ, ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಅವು 1 ಮತ್ತು 20. 2019ರಲ್ಲಿ ಫಲಿತಾಂಶ ಬಂದ ಕೀನೋಟ್-048 ಎಂಬ ಪ್ರಯೋಗದಲ್ಲಿ 882 ಮಂದಿ ಇದ್ದರು. ಸಿಪಿಎಸ್ 20 ಅಥವಾ ಹೆಚ್ಚಿದ್ದವರಲ್ಲಿ ಬರೀ ಪೆಂಬ್ರೊಲಿಜುಮ್ಯಾಬ್ (ಪಿಡಿ-1 ಗುಂಡಿಗೆ ಮುಚ್ಚಳ ಹಾಕಿ ಬ್ರೇಕು ಬಿಡಿಸುವ ಇಮ್ಯುನೋಥೆರಪಿ ಔಷಧ) ಪಡೆದವರ ಮಧ್ಯಮ ಆಯುಸ್ಸು, ಅಂದರೆ ಅರ್ಧದಷ್ಟು ಮಂದಿ ದಾಟಿದ ಅವಧಿ, 14.9 ತಿಂಗಳು, ಸೆಟುಕ್ಸಿಮ್ಯಾಬ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧದ ಸಹಿತ ಕೀಮೋ ಪಡೆದವರದು 10.7. ಸಿಪಿಎಸ್ 1ರಿಂದ ಮೇಲಿನವರನ್ನೆಲ್ಲ ಸೇರಿಸಿದರೆ 12.3 ಮತ್ತು 10.3. ಅಂದರೆ ನಿಮ್ಮನ್ನು ಹೆದರಿಸಿದ ಆ 30, ಈ ಔಷಧದ ಮಟ್ಟಿಗೆ ಒಳ್ಳೆಯ ಅಂಕಿ. ಅಂಗಳದಲ್ಲಿ ನಾಯಿ ಇದೆ, ಅದರ ತಲೆಯ ಮೇಲಿನ ಕೈ ಸರಿಸಿದರೆ ಬೊಗಳೀತು ಎಂಬ ಆಸೆಗೆ ಆಧಾರ ಇದೆ.

ಆಸೆಯ ಅಳತೆಯನ್ನೂ ಹೇಳಬೇಕು. ಅದೇ ಗುಂಪಿನಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ. 23 ಮಂದಿಗೆ ಮಾತ್ರ. ಕೀಮೋ ಗುಂಪಿನಲ್ಲಿ ಶೇ. 36. ಕುಗ್ಗಿದವರಲ್ಲಿ ಆ ಫಲ ಉಳಿದದ್ದು ಮಾತ್ರ ಇಮ್ಯುನೋಥೆರಪಿಯಲ್ಲಿ ಸುಮಾರು 20 ತಿಂಗಳು, ಕೀಮೋದಲ್ಲಿ ಸುಮಾರು 4. ಹಿಡಿದರೆ ಬಹುಕಾಲ ಹಿಡಿಯುತ್ತದೆ, ಹಿಡಿಯುವುದು ಕೆಲವರಿಗೆ, ಅದೂ ನಿಧಾನವಾಗಿ. ಗಂಟು ದೊಡ್ಡದಾಗಿ ಉಸಿರು-ನುಂಗುವ ದಾರಿ ಒತ್ತುತ್ತಿದ್ದರೆ, ಹುಣ್ಣು ಒಡೆದು ರಕ್ತ ಬರುತ್ತಿದ್ದರೆ ಬರೀ ಇಮ್ಯುನೋಥೆರಪಿಗೆ ಕಾಯುವಷ್ಟು ಹೊತ್ತು ಇರುವುದಿಲ್ಲ. ಆಗ ಪ್ಲಾಟಿನಂ (ಸಿಸ್‌ಪ್ಲಾಟಿನ್‌ನಂಥ ಔಷಧ) ಮತ್ತು 5-ಎಫ್‌ಯು ಎಂಬ ಕೀಮೋಗಳನ್ನೂ ಅದರ ಜೊತೆಗೆ ಕೊಡುತ್ತಾರೆ. ನಿಮ್ಮ ತಂದೆಗೆ ಸಿಸ್‌ಪ್ಲಾಟಿನ್ ಮುಗಿದು ಆರು ತಿಂಗಳ ಮೇಲಾಗಿರುವುದರಿಂದ ಆ ದಾರಿ ಮುಚ್ಚಿಲ್ಲ. ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಆಪರೇಷನ್ ಮತ್ತೆ ಸಾಧ್ಯವೇ ಎಂಬುದು. ಕುತ್ತಿಗೆಯದಷ್ಟೇ ಇದ್ದಿದ್ದರೆ ಅದೇ ಮೊದಲ ಆಯ್ಕೆ. ಶ್ವಾಸಕೋಶದ ಎರಡು ಗಂಟುಗಳೂ ಕ್ಯಾನ್ಸರೇ ಎಂದು ಖಾತ್ರಿಯಾಗಿದೆಯೇ? ನಮ್ಮ ನಾಡಿನಲ್ಲಿ ಶ್ವಾಸಕೋಶದ ಸಣ್ಣ ಗಂಟು ಹಳೆಯ ಕ್ಷಯದ ಗುರುತೂ ಆಗಿರಬಹುದು. ಈ ಒಂದು ಉತ್ತರದಿಂದ ಇಡೀ ಚಿಕಿತ್ಸೆಯ ಗುರಿಯೇ ಬದಲಾಗಬಹುದು, ಹಾಗಾಗಿ ಮುಜುಗರಪಡದೆ ಕೇಳಿ.

ಜಮೀನಿನ ಪ್ರಶ್ನೆಗೆ ಬರುತ್ತೇನೆ. ಪೆಂಬ್ರೊಲಿಜುಮ್ಯಾಬ್ ಪೂರ್ತಿ ಡೋಸ್ 200 ಮಿ.ಗ್ರಾಂ., ಮೂರು ವಾರಕ್ಕೊಮ್ಮೆ, ಫಲ ಕಂಡರೆ ಎರಡು ವರ್ಷದವರೆಗೆ. ಪ್ರತಿ ಡೋಸೂ ಲಕ್ಷಗಳ ಮಾತು. ಇನ್ನೊಂದು ದಾರಿ ‘ಸಾಗಹಾಕುವ ಔಷಧ’ ಅಲ್ಲ. ಟಾಟಾ ಆಸ್ಪತ್ರೆಯವರು ನಮ್ಮಂಥ ರೋಗಿಗಳ ಮೇಲೆಯೇ, ಎರಡು ಗುಂಪು ಮಾಡಿ ಶಾಸ್ತ್ರೋಕ್ತವಾಗಿ ನಡೆಸಿದ ಪ್ರಯೋಗದ ಫಲ ಅದು. 151 ಮಂದಿ. ಒಂದು ಗುಂಪಿಗೆ ಮೂರು ಮಾತ್ರೆ: ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ, ಸೆಲೆಕಾಕ್ಸಿಬ್ 200 ಮಿ.ಗ್ರಾಂ. ದಿನಕ್ಕೆರಡು ಸಲ, ಎರ್ಲೊಟಿನಿಬ್ 150 ಮಿ.ಗ್ರಾಂ. ದಿನಕ್ಕೊಂದು. ಇನ್ನೊಂದು ಗುಂಪಿಗೆ ಇವುಗಳ ಜೊತೆ ಮೂರು ವಾರಕ್ಕೊಮ್ಮೆ ನಿವೊಲುಮ್ಯಾಬ್ ಎಂಬ, ಪಿಡಿ-1 ಅನ್ನೇ ತಡೆಯುವ ಇಂಜೆಕ್ಷನ್ 20 ಮಿ.ಗ್ರಾಂ. ಒಂದು ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ. 16.3, ಎರಡನೆಯದರಲ್ಲಿ ಶೇ. 43.4. ಮಧ್ಯಮ ಆಯುಸ್ಸು 6.7ರಿಂದ 10.1 ತಿಂಗಳಿಗೆ ಏರಿತು. ತೀವ್ರ ಅಡ್ಡಪರಿಣಾಮ ಹೆಚ್ಚಲಿಲ್ಲ.

20 ಮಿ.ಗ್ರಾಂ. ಸಾಕಾಗುವುದು ಹೇಗೆ? ನಿವೊಲುಮ್ಯಾಬ್‌ನ ರೂಢಿಯ ಡೋಸ್ 240 ಮಿ.ಗ್ರಾಂ. ಆದರೆ ಟಿ ಕೋಶದ ಮೇಲಿನ ಪಿಡಿ-1 ಗುಂಡಿಗಳ ಮೇಲೆಲ್ಲ ಮುಚ್ಚಳ ಹಾಕಲು ಅದಕ್ಕಿಂತ ಬಹಳ ಕಡಿಮೆ ಔಷಧ ಸಾಕೆಂದು ಮೊದಲ ಹಂತದ ಪ್ರಯೋಗಗಳಲ್ಲೇ ಕಂಡಿತ್ತು. ಎಲ್ಲ ಕುರ್ಚಿಯೂ ತುಂಬಿದ ಮೇಲೆ ಇನ್ನಷ್ಟು ಜನರನ್ನು ಸಭೆಗೆ ಕಳಿಸಿದರೆ ಅವರು ನಿಂತೇ ಇರಬೇಕು. ಎಚ್ಚರಿಕೆಯ ಮಾತೂ ಒಂದಿದೆ. ಆ ಪ್ರಯೋಗ ಕಡಿಮೆ ಡೋಸನ್ನು ಮಾತ್ರೆಗೆ ಹೋಲಿಸಿತೇ ಹೊರತು ಪೂರ್ತಿ ಡೋಸಿಗೆ ಹೋಲಿಸಲಿಲ್ಲ. ಎರಡೂ ಸಮ ಎಂದು ಅದು ಸಾಬೀತು ಮಾಡಿಲ್ಲ. ಮೇಲಿನ 14.9ನ್ನೂ ಈ 10.1ನ್ನೂ ಪಕ್ಕ ಪಕ್ಕ ಇಟ್ಟು ತೂಗುವುದೂ ಸರಿಯಲ್ಲ, ಎರಡು ಪ್ರಯೋಗಗಳ ರೋಗಿಗಳು ಬೇರೆ ಬೇರೆ ಸ್ಥಿತಿಯವರು. ಇಷ್ಟು ತಿಳಿದೂ ನನ್ನ ಅಭಿಪ್ರಾಯ ಸ್ಪಷ್ಟ: ವಿಮೆಯೋ ಕಂಪನಿಯ ನೆರವಿನ ಯೋಜನೆಯೋ ಪೂರ್ತಿ ಕೋರ್ಸಿನ ಖರ್ಚು ಹೊರುವುದಾದರೆ ಪೂರ್ತಿ ಡೋಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮನೆಗೆ ಅನ್ನ ಹಾಕುವ ಜಮೀನನ್ನು ಮಾರಿ, ಮೂರನೇ ಡೋಸಿಗೆ ದುಡ್ಡು ಮುಗಿದು ನಿಲ್ಲಿಸುವುದಕ್ಕಿಂತ, ಕಡಿಮೆ ಡೋಸನ್ನು ತಪ್ಪದೆ ಮುಂದುವರಿಸುವುದು ಲೇಸು.

ಕಡಿಮೆ ಡೋಸಿನ ಆಸ್ಪತ್ರೆಯಲ್ಲಿ ಒಂದು ಚಿಕ್ಕ ಏರ್ಪಾಟು ಇರುತ್ತದೆ. ನಿವೊಲುಮ್ಯಾಬ್‌ನ ಸಣ್ಣ ವಯಲ್ 40 ಮಿ.ಗ್ರಾಂ., 4 ಮಿ.ಲೀ. ನಿಮಗೆ ಬೇಕಾದದ್ದು 2 ಮಿ.ಲೀ. ಒಡೆದ ವಯಲ್ ಮೂರು ವಾರ ಇಟ್ಟುಕೊಳ್ಳುವಂತಿಲ್ಲ, ಅದಕ್ಕೇ ಇಬ್ಬರು ರೋಗಿಗಳನ್ನು ಒಂದೇ ದಿನ ಕರೆದು ಹಂಚುತ್ತಾರೆ. ನೀವು ತಾರೀಖು ತಪ್ಪಿಸಿದರೆ ನಿಮ್ಮ ಜೊತೆಗಾರರಿಗೂ ತೊಂದರೆ. ಅರ್ಧ ವಯಲ್ ಮನೆಗೆ ತಂದು ಫ್ರಿಜ್ಜಿನಲ್ಲಿಟ್ಟು ಊರಿನ ಕಾಂಪೌಂಡರ್ ಕೈಲಿ ಹಾಕಿಸುವ ಯೋಚನೆ ಬೇಡವೇ ಬೇಡ.

ಮಾತ್ರೆಗಳಲ್ಲಿ ಪ್ರಾಣಕ್ಕೆ ಎರವಾಗುವ ತಪ್ಪು ಒಂದೇ, ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆಯ ಬದಲು ದಿನಾ ನುಂಗುವುದು. ಡೋಸ್ ಮೈಯ ವಿಸ್ತಾರದ ಪ್ರತಿ ಚದರ ಮೀಟರಿಗೆ 9 ಮಿ.ಗ್ರಾಂ. 50 ಕೆ.ಜಿ. ಆಸುಪಾಸಿನವರಿಗೆ ಅದು 13-14 ಮಿ.ಗ್ರಾಂ. ಬರುತ್ತದೆ, 2.5 ಮಿ.ಗ್ರಾಂ.ನ ಮಾತ್ರೆ ಐದೋ ಆರೋ ಎಂದು ಡಾಕ್ಟರು ಬರೆದುಕೊಡುತ್ತಾರೆ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಿ, ಭಾನುವಾರ ಎನ್ನಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಉಳಿದ ಮೆಥೊಟ್ರೆಕ್ಸೇಟ್ ಮಾತ್ರೆಗಳನ್ನು ಬೇರೆ ಡಬ್ಬಿಯಲ್ಲಿ ಎತ್ತಿಡಿ. ದಿನಾ ಮಾತ್ರೆ ಕೊಡುವವರು ಒಬ್ಬರೇ ಇರಲಿ. ಬಾಯಲ್ಲಿ ಹೊಸ ಹುಣ್ಣು, ಜ್ವರ ಬಂದರೆ ಆ ವಾರದ್ದನ್ನು ಕೊಡುವ ಮುನ್ನ ಫೋನ್ ಮಾಡಿ. ಎರ್ಲೊಟಿನಿಬ್ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ. ಗ್ಯಾಸಿಗೆಂದು ಎಲ್ಲರ ಮನೆಯಲ್ಲೂ ಇರುವ ಪ್ಯಾಂಟೊಪ್ರಜೋಲ್ ಎರ್ಲೊಟಿನಿಬ್ ಮೈಗೆ ಹತ್ತದಂತೆ ಮಾಡುತ್ತದೆ, ನೀವೇ ಕೊಡಬೇಡಿ. ಸೆಲೆಕಾಕ್ಸಿಬ್ ನಡೆಯುತ್ತಿರುವಾಗ ನೋವಿಗೆ ಮೆಡಿಕಲ್ ಶಾಪಿನಿಂದ ಇನ್ನೊಂದು ಪೇನ್‌ಕಿಲ್ಲರ್ ತಂದರೆ ಪೆಟ್ಟು ಕಿಡ್ನಿಗೆ.

ಬ್ರೇಕ್ ತೆಗೆದ ಮೇಲೆ ನಾಯಿ ಮನೆಯವರ ಮೇಲೂ ಬೊಗಳಬಹುದು, ಇದೇ ಈ ಔಷಧಗಳ ಅಡ್ಡಪರಿಣಾಮ. ಕೀಮೋದಂತೆ ಕೂದಲು ಉದುರಿ, ವಾಂತಿಯಾಗಿ ಮುಗಿಯುವುದಿಲ್ಲ. ಥೈರಾಯ್ಡ್ ಸೋಲುವುದು ಸಾಮಾನ್ಯ, ಮಾತ್ರೆಯಲ್ಲಿ ಸರಿಹೋಗುತ್ತದೆ. ಶ್ವಾಸಕೋಶ, ಕರುಳು, ಯಕೃತ್ತು ಉರಿಯೂತಕ್ಕೆ ತುತ್ತಾದರೆ ಅಪಾಯ. ಹೃದಯದ ಸ್ನಾಯು ಉರಿಯುವುದು ಬಲು ಅಪರೂಪ, ಆದರೆ ಬಂದರೆ ಮಾರಕ. ಔಷಧ ನಿಲ್ಲಿಸಿ ತಿಂಗಳುಗಳ ಮೇಲೂ ಇವು ಕಾಣಿಸಿಕೊಳ್ಳಬಹುದು. ಶುರು ಮಾಡುವ ಮುನ್ನ ಥೈರಾಯ್ಡ್, ಲಿವರ್, ಕಿಡ್ನಿ, ಸಕ್ಕರೆ, ಇಸಿಜಿ, ಹೆಪಟೈಟಿಸ್ ಬಿ ಪರೀಕ್ಷೆ ಆಗಿರಬೇಕು. ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತೇ ಎಂಬುದನ್ನು ಕೇಳದಿದ್ದರೂ ಹೇಳಿ, ಈ ಔಷಧದ ಮೇಲೆ ಮಲಗಿದ್ದ ಟಿಬಿ ಎದ್ದ ಪ್ರಕರಣಗಳಿವೆ. ಆಮೇಲೆ ಬರುವ ಕೆಮ್ಮು ಟಿಬಿಯೋ, ಔಷಧದ ಉರಿಯೂತವೋ, ಕ್ಯಾನ್ಸರೋ ಎಂದು ಕೇಳಿ ನೋಡಿ ಹೇಳಲಾಗದು, ಸಿಟಿ ಸ್ಕ್ಯಾನೇ ಬೇಕು.

ನಿಮ್ಮಂಥವರಿಗೆ ನಿಜವಾದ ಕಗ್ಗಂಟು ಭೇದಿ. ಎರ್ಲೊಟಿನಿಬ್‌ನಿಂದಲೂ ಭೇದಿಯಾಗುತ್ತದೆ, ಅದಕ್ಕೆ ಭೇದಿ ಕಟ್ಟುವ ಲೊಪೆರಮೈಡ್ ಕೊಟ್ಟು ಎರ್ಲೊಟಿನಿಬ್ ಮಾತ್ರೆ ಎರಡು ದಿನ ನಿಲ್ಲಿಸಿದರೆ ಸಾಕು. ನಿವೊಲುಮ್ಯಾಬ್‌ನ ಕರುಳುರಿಯಾದರೆ ಲೊಪೆರಮೈಡ್ ರೋಗ ಮುಚ್ಚಿಡುತ್ತದೆ, ಒಳಗೆ ಕರುಳು ಹುಣ್ಣಾಗುತ್ತಾ ಹೋಗುತ್ತದೆ. ಅದಕ್ಕೆ ಬೇಕಾದದ್ದು ಸ್ಟಿರಾಯ್ಡ್. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ, ರಕ್ತ ಅಥವಾ ಲೋಳೆ ಬಿದ್ದರೆ, ಹೊಟ್ಟೆ ನೋವಿದ್ದರೆ ಅದೇ ದಿನ ಆಸ್ಪತ್ರೆಗೆ. ಹತ್ತಿರದ ಕ್ಲಿನಿಕ್ಕಿಗೇ ಹೋಗಬೇಕಾದರೆ ‘ಇಮ್ಯುನೋಥೆರಪಿ ನಡೆಯುತ್ತಿದೆ’ ಎಂದು ಮೊದಲ ಮಾತಿನಲ್ಲೇ ಹೇಳಿ, ಆಸ್ಪತ್ರೆಯ ಕಾರ್ಡ್ ತೋರಿಸಿ. ತೀವ್ರವಾದರೆ ಸ್ಟಿರಾಯ್ಡನ್ನು ಪ್ರತಿ ಕೆ.ಜಿ.ಗೆ 1-2 ಮಿ.ಗ್ರಾಂ. ಲೆಕ್ಕದಲ್ಲಿ ಶುರು ಮಾಡಿ ನಾಲ್ಕಾರು ವಾರದಲ್ಲಿ ಇಳಿಸುತ್ತಾರೆ. ಮೂರು ದಿನಕ್ಕೆ ಹುಷಾರಾಯಿತೆಂದು ನಿಲ್ಲಿಸಿದವರಿಗೆ ಅದು ಮರುಕಳಿಸುತ್ತದೆ. ಹಾಗೆಂದು ಸುಸ್ತಿಗೆ, ಮೈಕೈ ನೋವಿಗೆ ಊರಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಬೇಡಿ. ಶುರುವಿನಲ್ಲೇ ದಿನಕ್ಕೆ 10 ಮಿ.ಗ್ರಾಂ. ಮೀರಿ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದವರಲ್ಲಿ ಇಮ್ಯುನೋಥೆರಪಿಯ ಫಲ ಕಮ್ಮಿ ಕಂಡಿದೆ.

ಅತ್ತೆಯವರ ಕಷಾಯದ ಬಗ್ಗೆ. ಈ ಔಷಧ ಇಮ್ಯುನಿಟಿಯನ್ನು ‘ಹೆಚ್ಚಿಸುವುದಿಲ್ಲ’, ಒಂದು ನಿರ್ದಿಷ್ಟ ಬ್ರೇಕನ್ನು ಬಿಡಿಸುತ್ತದೆ, ಕಷಾಯಕ್ಕೆ ಆ ಕೆಲಸ ಬರುವುದಿಲ್ಲ. 2021ರಲ್ಲಿ ಮುಂಬೈಯ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ವರದಿ ಮಾಡಿದ್ದಾರೆ. ನಿಮ್ಮ ತಂದೆಗೆ ಮೆಥೊಟ್ರೆಕ್ಸೇಟ್, ನಿವೊಲುಮ್ಯಾಬ್ ಎರಡೂ ಯಕೃತ್ತಿನ ಮೇಲೆ ಕಣ್ಣಿಟ್ಟು ಕೊಡುವ ಔಷಧಗಳು. ಲಿವರ್ ರಿಪೋರ್ಟ್ ಏರಿದಾಗ ಯಾರನ್ನು ದೂರುವುದೆಂದೇ ತಿಳಿಯದೆ ಡಾಕ್ಟರು ಒಳ್ಳೆಯ ಔಷಧವನ್ನೇ ನಿಲ್ಲಿಸಬೇಕಾಗುತ್ತದೆ. ಅತ್ತೆಯವರಿಗೆ ನೋವಾಗದಂತೆ ಹೇಳಿ. ಆ ಹೊತ್ತಿಗೆ ಒಂದು ಲೋಟ ಹಾಲು ಅವರ ಕೈಯಲ್ಲೇ ಕೊಡಿಸಿ.

ಪಿಡಿ-ಎಲ್1 ಮಕ್ಕಳಿಗೆ ಬರುವುದಿಲ್ಲ, ಅದು ಆ ಗಡ್ಡೆಯ ಸಂಗತಿ. ಮನೆಯಲ್ಲಿ ಗುಟ್ಕಾ-ಅಡಿಕೆ ಜಗಿಯುವವರು ಇನ್ಯಾರಾದರೂ ಇದ್ದರೆ ಅವರ ಬಾಯಿಯನ್ನು ಈ ವಾರವೇ ದಂತ ವೈದ್ಯರಿಗೆ ತೋರಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು, ಖಾರ ತಾಕಿದರೆ ಉರಿ, ಬಾಯಿ ತೆರೆಯಲು ಬಿಗಿತ, ಇವು ನೋಡಬೇಕಾದವು.

ಯಾವ ದಾರಿ ಹಿಡಿದರೂ ಮೊದಲ ಸ್ಕ್ಯಾನ್ 8-9 ವಾರಕ್ಕೆ. ಅದಕ್ಕೂ ಮುಂಚೆ ಗಂಟು ದಿನಾ ಮುಟ್ಟಿ ಅಳೆಯಬೇಡಿ. ಗಂಟು ದೊಡ್ಡದಾದಂತೆ ಕಂಡರೆ ‘ಇಮ್ಯುನೋಥೆರಪಿಯಲ್ಲಿ ಮೊದಲು ಊದಿ ಆಮೇಲೆ ಇಳಿಯುತ್ತದೆ’ ಎಂದು ಸಮಾಧಾನ ಹೇಳುವವರು ಸಿಗುತ್ತಾರೆ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಅದು ಅಪರೂಪ, ಬೆಳೆದದ್ದು ಸಾಮಾನ್ಯವಾಗಿ ಬೆಳೆದದ್ದೇ. ಗಂಟು ಬೆಳೆದಿದ್ದೂ ಊಟ, ನಿದ್ದೆ, ನೋವು ಸುಧಾರಿಸಿದ್ದರೆ ಮಾತ್ರ ಇನ್ನು ನಾಲ್ಕು ವಾರ ನೋಡುತ್ತಾರೆ. ನೋವಿಗೆ ಮಾರ್ಫಿನ್ ಬರೆದುಕೊಟ್ಟರೆ ‘ಕೈಬಿಟ್ಟರು’ ಎಂದುಕೊಳ್ಳಬೇಡಿ. ನೋವು ಕಮ್ಮಿಯಾದ ದಿನ ಅವರು ಒಂದು ಬಟ್ಟಲು ಹೆಚ್ಚು ಕುಡಿಯುತ್ತಾರೆ. ಬುತ್ತಿ, ಹಳೇ ಫೈಲು, ಬಯಾಪ್ಸಿಯ ಮೇಣದ ಬ್ಲಾಕು, ಈಗ ಕೊಡುತ್ತಿರುವ ಎಲ್ಲ ಮಾತ್ರೆ-ಕಷಾಯಗಳ ಪಟ್ಟಿ, ಇಷ್ಟನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಮುಂದಿನ ಭೇಟಿಗೆ ಹೊರಡಿ.